ನಾಚಾರಂ ಸುತ್ತ ಬೆಳವನ ಹಕ್ಕಿ ಬೇಟೆಗೆ ಒಳ್ಳೆ ಜಾಗ ಹುಡುಕ್ತಿದ್ದೀರಾ? ಏರ್‌ಗನ್ ಎತ್ತುವ ಮುನ್ನ ಇದನ್ನು ಓದಿ

ಹೈದರಾಬಾದ್: ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಕೆಲಸ ಹುಡುಕಿಕೊಂಡು ಹೈದರಾಬಾದ್‌ಗೆ ಹೋದವರಿಗೆ ನಾಚಾರಂ ಹೊಸ ಹೆಸರೇನಲ್ಲ. ನಗರದ ಪೂರ್ವ ದಿಕ್ಕಿನಲ್ಲಿ ಉಪ್ಪಲ್, ಹಬ್ಸಿಗುಡ, ಮಲ್ಲಾಪುರಗಳ ನಡುವೆ ಇರುವ ಕೈಗಾರಿಕಾ ಪ್ರದೇಶ ಇದು. ಫ್ಯಾಕ್ಟರಿ ಶೆಡ್‌ಗಳು, ಗೋದಾಮುಗಳು, ಇಎಸ್‌ಐ ಆಸ್ಪತ್ರೆ, ಒಂದು ಕೆರೆ, ಮಧ್ಯೆ ಮಧ್ಯೆ ಖಾಲಿ ಸೈಟುಗಳು, ಈಚೆಗೆ ಎದ್ದು ನಿಂತ ಅಪಾರ್ಟ್‌ಮೆಂಟ್‌ಗಳು. ಬೆಳಿಗ್ಗೆ ಆರಕ್ಕೆ ಎದ್ದು ಬಾಲ್ಕನಿಗೆ ಬಂದರೆ ಕರೆಂಟ್ ತಂತಿಯ ಮೇಲೆ ಸಾಲಾಗಿ ಕೂತ ಬೆಳವಗಳು ಕಾಣುತ್ತವೆ. ಗುಟುರು ದನಿ ಕಿವಿಗೆ ಬೀಳುತ್ತದೆ.

ಊರಲ್ಲಿ ಹುಡುಗನಾಗಿದ್ದಾಗ ಕ್ಯಾಟರ್‌ಬಿಲ್ಲು ಹಿಡಿದು ಹೊಲ ಸುತ್ತಿದವರಿಗೆ ಇಂಥ ಹೊತ್ತಲ್ಲಿ ಕೈ ಕಡಿಯುವುದು ಸಹಜ. ಆನ್‌ಲೈನ್‌ನಲ್ಲಿ ಏರ್‌ಗನ್ ಸುಲಭವಾಗಿ ಸಿಗುತ್ತದೆ. ಭಾನುವಾರ ರಜೆ. ‘ಪುಟ್ಟ ಹಕ್ಕಿ ತಾನೇ, ಹುಲಿಯೇನಲ್ಲವಲ್ಲ’ ಎಂಬ ಧೈರ್ಯ ಬೇರೆ. ಆದರೆ ಬೆಳವನ ಹಕ್ಕಿ ಹೊಡೆಯುವುದಕ್ಕೆ ನಾಚಾರಂನಲ್ಲಷ್ಟೇ ಅಲ್ಲ, ಇಡೀ ತೆಲಂಗಾಣ ಮತ್ತು ಕರ್ನಾಟಕದಲ್ಲಿ ಎಲ್ಲೂ ‘ಒಳ್ಳೆ ಜಾಗ’ ಎಂಬುದಿಲ್ಲ. ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು.

ಯಾಕೆ ಹೀಗೆ? ಈ ಕಾನೂನು ಬಂದಿದ್ದು ಯಾವಾಗ? ಸಾರು ಮಾಡಿ ತಿಂದು ಮುಗಿಸಿದರೆ ಯಾರಿಗೆ ಗೊತ್ತಾಗುತ್ತೆ? ಒಂದೊಂದಾಗಿ ನೋಡೋಣ. ಅಂದಹಾಗೆ, ತೆಲಂಗಾಣದಲ್ಲಿ ಇನ್ನೊಂದು ನಾಚಾರಂ ಇದೆ. ಸಿದ್ದಿಪೇಟೆ ಜಿಲ್ಲೆಯ ಆ ನಾಚಾರಂ ಲಕ್ಷ್ಮೀನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೆಸರುವಾಸಿ. ಮೊಬೈಲ್ ಮ್ಯಾಪ್ ನೋಡಿ ಹೊರಟವರು ಅಲ್ಲಿಗೆ ಹೋಗಿ ನಿಂತರೂ ಕಾನೂನು ಮಾತ್ರ ಅದೇ!

ಕಾನೂನು ಏನು ಹೇಳುತ್ತೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿದ್ದು 1972ರಲ್ಲಿ. ಅಂದಿನಿಂದಲೇ ಎಲ್ಲ ಬೇಟೆ ನಿಂತುಹೋಯಿತು ಎಂದು ಹಲವರು ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಮೂಲ ಕಾಯ್ದೆಯಲ್ಲಿ ‘ವಿಶೇಷ ಬೇಟೆ’, ‘ದೊಡ್ಡ ಬೇಟೆ’, ‘ಸಣ್ಣ ಬೇಟೆ’ ಎಂಬ ವಿಭಾಗಗಳೇ ಇದ್ದವು. ಹುಲಿಯಂಥ ಅಪರೂಪದ ಪ್ರಾಣಿಗಳನ್ನು ಮುಟ್ಟುವಂತಿರಲಿಲ್ಲ, ಸರಿ. ಆದರೆ ಗೌಜಲು, ಬಾತು, ಪಾರಿವಾಳ ಕುಟುಂಬದ ಹಕ್ಕಿಗಳಂಥ ಸಣ್ಣ ಬೇಟೆಗೆ ಲೈಸೆನ್ಸ್ ಪಡೆಯುವ ದಾರಿ ಕಾನೂನಿನಲ್ಲೇ ಇತ್ತು. ಆದ್ದರಿಂದ ‘ನಮ್ಮಪ್ಪನ ಕಾಲದಲ್ಲಿ ಪರ್ಮಿಟ್ ಕೊಡ್ತಿದ್ರು’ ಎಂದು ಊರಿನ ಹಿರಿಯರು ಹೇಳಿದರೆ ಅದನ್ನು ಬರೀ ಬಡಾಯಿ ಎಂದು ತಳ್ಳಿಹಾಕುವ ಹಾಗಿಲ್ಲ.

ಆ ದಾರಿ ಮುಚ್ಚಿದ್ದು 1991ರ ತಿದ್ದುಪಡಿ. ಲೈಸೆನ್ಸ್ ಮೇಲಿನ ಬೇಟೆಯನ್ನೇ ಅದು ತೆಗೆದುಹಾಕಿತು. ಅಲ್ಲಿಂದ ಮುಂದೆ ಬೆಳವನ ಹಕ್ಕಿಯೂ ಸೇರಿ ಪಟ್ಟಿಯಲ್ಲಿರುವ ಯಾವ ಹಕ್ಕಿಯನ್ನೂ ಮೋಜಿಗಾಗಲಿ, ಊಟಕ್ಕಾಗಲಿ ಹೊಡೆಯುವಂತಿಲ್ಲ. ಮತ್ತೊಂದು ದೊಡ್ಡ ತಿದ್ದುಪಡಿ ಸಂಸತ್ತಿನಲ್ಲಿ ಅಂಗೀಕಾರವಾಗಿದ್ದು 2022ರಲ್ಲಿ, ಜಾರಿಗೆ ಬಂದಿದ್ದು 2023ರ ಏಪ್ರಿಲ್ 1ರಿಂದ. ಆರು ಅನುಸೂಚಿಗಳು ನಾಲ್ಕಕ್ಕೆ ಇಳಿದವು. ಹಳೆಯ ನಾಲ್ಕನೇ ಅನುಸೂಚಿಯಲ್ಲಿದ್ದ ಬೆಳವಗಳು ಈಗ ಎರಡನೇ ಅನುಸೂಚಿಯಲ್ಲಿವೆ. ಕಾಯ್ದೆಯ 9ನೇ ಸೆಕ್ಷನ್ ಚುಟುಕಾಗಿದೆ: ಒಂದು ಮತ್ತು ಎರಡನೇ ಅನುಸೂಚಿಯ ಯಾವ ವನ್ಯಜೀವಿಯನ್ನೂ ಬೇಟೆಯಾಡುವಂತಿಲ್ಲ. ಮನುಷ್ಯನ ಜೀವಕ್ಕೆ ಅಪಾಯ, ಸಂಶೋಧನೆ ಮುಂತಾದ ಕಾರಣಗಳಿಗೆ 11 ಮತ್ತು 12ನೇ ಸೆಕ್ಷನ್‌ಗಳಲ್ಲಿ ವಿನಾಯಿತಿ ಇದೆ. ಭಾನುವಾರದ ಬಿರಿಯಾನಿ ಆ ಪಟ್ಟಿಯಲ್ಲಿಲ್ಲ.

ಶಿಕ್ಷೆ ಎಷ್ಟು? ಎರಡನೇ ಅನುಸೂಚಿಯ ಹಕ್ಕಿಯಾದರೆ 51ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲು ಈ ದಂಡದ ಮಿತಿ 25 ಸಾವಿರ ಇತ್ತು. 2022ರ ತಿದ್ದುಪಡಿಯಲ್ಲಿ ನಾಲ್ಕು ಪಟ್ಟು ಏರಿತು. ನವಿಲಿನಂಥ ಒಂದನೇ ಅನುಸೂಚಿಯ ಹಕ್ಕಿಯಾದರೆ ಕಥೆ ಇನ್ನೂ ಗಂಭೀರ. ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ದಂಡ.

ಇಲ್ಲಿ ಬಹಳ ಜನ ಎಡವುವುದು ‘ಬೇಟೆ’ ಎಂಬ ಪದದ ಅರ್ಥದಲ್ಲಿ. ಗುಂಡು ತಗುಲಿ ಹಕ್ಕಿ ಸತ್ತರೆ ಮಾತ್ರ ಬೇಟೆ ಎಂದು ನೀವು ಅಂದುಕೊಂಡಿದ್ದರೆ ತಪ್ಪು. ಬಲೆ ಹಾಕುವುದು, ಉರುಳು ಒಡ್ಡುವುದು, ವಿಷ ಇಡುವುದು, ಕಾಳು ಚೆಲ್ಲಿ ಆಮಿಷ ತೋರಿಸುವುದು, ಓಡಿಸಿಕೊಂಡು ಹೋಗುವುದು, ಜೀವಂತ ಹಿಡಿಯುವುದು ಎಲ್ಲವೂ ಕಾಯ್ದೆಯ ಕಣ್ಣಲ್ಲಿ ಬೇಟೆಯೇ. ಪ್ರಯತ್ನಿಸಿದರೂ ಬೇಟೆ. ಗುರಿ ತಪ್ಪಿತು ಎಂಬುದು ಸಮಜಾಯಿಷಿ ಆಗುವುದಿಲ್ಲ. ಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕೆಡಿಸುವುದು ಕೂಡ ಇದೇ ವ್ಯಾಖ್ಯಾನದೊಳಗೆ ಬರುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಅದರ ವಿಷಯ ಕೆಳಗೆ ಬರುತ್ತದೆ.

ಏರ್‌ಗನ್‌ಗೆ ಲೈಸೆನ್ಸ್ ಬೇಡವಲ್ಲ?

ಈ ಗೊಂದಲಕ್ಕೆ ಕಾರಣ 2016ರ ಶಸ್ತ್ರಾಸ್ತ್ರ ನಿಯಮಗಳು. 4.5 ಮಿಲಿಮೀಟರ್ ಒಳಗಿನ, 20 ಜೂಲ್ ಮೀರದ ಶಕ್ತಿಯ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಅದಕ್ಕೇ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಲೀಸಾಗಿ ಸಿಗುತ್ತದೆ. ಆದರೆ ಗನ್ ಇಟ್ಟುಕೊಳ್ಳುವುದಕ್ಕೆ ಲೈಸೆನ್ಸ್ ಬೇಡ ಎಂಬುದು ಒಂದು, ಅದರಿಂದ ಹಕ್ಕಿ ಹೊಡೆಯಬಹುದು ಎಂಬುದು ಇನ್ನೊಂದು. ತಟ್ಟೆಗೆ, ಡಬ್ಬಿಗೆ ಗುರಿಯಿಟ್ಟು ಅಭ್ಯಾಸ ಮಾಡಲು ಕೊಂಡ ಗನ್ ಬೆಳವನ ಕಡೆ ತಿರುಗಿದ ಕ್ಷಣ ಶಸ್ತ್ರಾಸ್ತ್ರ ನಿಯಮ ಬಿಟ್ಟು ವನ್ಯಜೀವಿ ಕಾಯ್ದೆ ಲೆಕ್ಕಕ್ಕೆ ಬರುತ್ತದೆ. ಹಕ್ಕಿ ಬೇಟೆಗೆ ಬಳಸಿದ ಗನ್, ಬಲೆ, ವಾಹನ ಎಲ್ಲವನ್ನೂ ಅರಣ್ಯ ಅಧಿಕಾರಿಗಳು ವಶಪಡಿಸಿಕೊಳ್ಳಬಹುದು. ಬೈಕ್ ಸಾಲದಲ್ಲಿ ತೆಗೆದಿದ್ದರೂ ಅಷ್ಟೇ.

ಕರ್ನಾಟಕದವರಿಗೆ ಕೊಡಗಿನ ಉದಾಹರಣೆ ಥಟ್ಟನೆ ನೆನಪಾಗಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ಬ್ರಿಟಿಷರ ಕಾಲದಿಂದ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 10 ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಹೊಂದುವುದಕ್ಕೆ ಮಾತ್ರ, ಬೇಟೆಗಲ್ಲ. ಕೈಲ್ ಪೋಳ್ದ್ ದಿನ ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಕಾಡಿನ ಹಕ್ಕಿ ಹೊಡೆದರೆ ಕೊಡಗಿನಲ್ಲೂ ಕೇಸ್ ಬೀಳುತ್ತದೆ.

ಅರುಣಾಚಲ ಪ್ರದೇಶದಲ್ಲಿ ಈ ಸಮಸ್ಯೆಗೆ ಬೇರೆಯೇ ದಾರಿ ಹುಡುಕಿದ್ದಾರೆ. ಮನೆಮನೆಯಲ್ಲಿ ಏರ್‌ಗನ್, ಕಾಡಿನಲ್ಲಿ ಹಕ್ಕಿಯ ದನಿಯೇ ಇಲ್ಲ ಎಂಬ ಸ್ಥಿತಿ ಬಂದಾಗ 2021ರಲ್ಲಿ ಅಲ್ಲಿನ ಸರ್ಕಾರ ‘ಏರ್‌ಗನ್ ಸರೆಂಡರ್ ಅಭಿಯಾನ’ ಶುರು ಮಾಡಿತು. ಜನ ತಾವಾಗಿಯೇ ಗನ್ ತಂದು ಒಪ್ಪಿಸಿದರು. ದಾಳಿ, ಬಂಧನಗಳಿಗಿಂತ ಇದು ಹೆಚ್ಚು ಕೆಲಸ ಮಾಡಿತು ಅನ್ನಿಸುತ್ತದೆ.

ಸಾರಿನ ಪಾತ್ರೆಯೂ ಸಾಕ್ಷಿ ಹೇಳುತ್ತೆ!

‘ತಿಂದು ಮುಗಿಸಿದ ಮೇಲೆ ಯಾವ ಹಕ್ಕಿ ಅಂತ ಹೇಗೆ ಹೇಳ್ತಾರೆ? ನಾಟಿ ಕೋಳಿ ಅಂದರಾಯ್ತು’ ಎನ್ನುವವರಿದ್ದಾರೆ. ಇದೇ ಮಾತನ್ನು ನಾಚಾರಂನಲ್ಲಿ ನಿಂತು ಹೇಳುವುದು ಮಾತ್ರ ತಮಾಷೆಯಾಗಿ ಕೇಳಿಸುತ್ತದೆ. ಯಾಕೆ ಗೊತ್ತಾ? ಭಾರತದಲ್ಲಿ ಬೇಟೆ ಮಾಂಸವನ್ನು ಡಿಎನ್‌ಎ ಮೂಲಕ ಗುರುತಿಸುವ ವಿಜ್ಞಾನ ಬೆಳೆದಿದ್ದೇ ಈ ಬಡಾವಣೆಗಳ ಆಸುಪಾಸಿನಲ್ಲಿ.

ಸಿಸಿಎಂಬಿ, ಅಂದರೆ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ ಇರುವುದು ಹಬ್ಸಿಗುಡದ ಉಪ್ಪಲ್ ರಸ್ತೆಯಲ್ಲಿ. ನಾಚಾರಂನಿಂದ ಆಟೋದಲ್ಲಿ ಹೋಗುವಷ್ಟು ದೂರ. ಡಿಎನ್‌ಎ ಬೆರಳಚ್ಚು ಕೇಂದ್ರ ಸಿಡಿಎಫ್‌ಡಿ ಅಂತೂ ಮೊದಲ ಹಲವು ವರ್ಷ ನಾಚಾರಂನಲ್ಲೇ, ಇಸಿಐಎಲ್ ರಸ್ತೆಯಲ್ಲಿತ್ತು. 1998ರಲ್ಲಿ ರಾಜಸ್ಥಾನದ ಜೋಧ್‌ಪುರದ ಬಳಿ ನಡೆದ ಕೃಷ್ಣಮೃಗ ಬೇಟೆ ಪ್ರಕರಣ ನೆನಪಿದೆಯಲ್ಲ? ನಟ ಸಲ್ಮಾನ್ ಖಾನ್ ಆರೋಪಿಯಾಗಿದ್ದ ಆ ಪ್ರಕರಣದ ಮಾದರಿಗಳು ಡಿಎನ್‌ಎ ಪರೀಕ್ಷೆಗೆ ಬಂದಿದ್ದು ಹೈದರಾಬಾದ್‌ನ ಇದೇ ಸಿಡಿಎಫ್‌ಡಿಗೆ. 2018ರ ಏಪ್ರಿಲ್ 5ರಂದು ಜೋಧ್‌ಪುರದ ನ್ಯಾಯಾಲಯ ಅವರಿಗೆ 5 ವರ್ಷ ಶಿಕ್ಷೆ ವಿಧಿಸಿತು. ತೀರ್ಪಿನ ವಿರುದ್ಧ ಅವರು ಮೇಲ್ಮನವಿ ಸಲ್ಲಿಸಿದ್ದಾರೆ.

ಸಿಸಿಎಂಬಿ ವಿಜ್ಞಾನಿಗಳಾದ ಸುನಿಲ್ ಕುಮಾರ್ ವರ್ಮಾ ಮತ್ತು ಲಾಲ್ಜಿ ಸಿಂಗ್ 2003ರಲ್ಲಿ ಪ್ರಕಟಿಸಿದ ವಿಧಾನ ಇನ್ನೂ ಸ್ವಾರಸ್ಯಕರ. ಅದಕ್ಕೂ ಮೊದಲು ಒಂದು ತುಂಡು ಮಾಂಸ ಸಿಕ್ಕರೆ ‘ಇದು ಜಿಂಕೆಯದ್ದೇ?’, ‘ಇದು ನವಿಲಿನದ್ದೇ?’ ಎಂದು ಒಂದೊಂದೇ ಪ್ರಾಣಿಯನ್ನು ಊಹಿಸಿ ಪರೀಕ್ಷೆ ಮಾಡಬೇಕಿತ್ತು. ಇವರು ಕಂಡುಕೊಂಡ ದಾರಿ ಬೇರೆ. ಪ್ರಾಣಿ ಯಾವುದೆಂದು ಮೊದಲೇ ಗೊತ್ತಿರಬೇಕಿಲ್ಲ. ಬಹುತೇಕ ಎಲ್ಲ ಪ್ರಾಣಿ, ಪಕ್ಷಿಗಳಲ್ಲೂ ಇರುವ ಸೈಟೋಕ್ರೋಮ್ ಬಿ ಎಂಬ ಜೀನ್‌ನ ಒಂದು ಚಿಕ್ಕ ತುಣುಕನ್ನು ಹಿಡಿದು ನಕಲು ಮಾಡಿ ಓದುತ್ತಾರೆ. ಆ ತುಣುಕಿನ ಎರಡು ತುದಿ ಎಲ್ಲ ಜೀವಿಗಳಲ್ಲೂ ಹೆಚ್ಚುಕಡಿಮೆ ಒಂದೇ, ನಡುವಿನ ಭಾಗ ಮಾತ್ರ ಜಾತಿಯಿಂದ ಜಾತಿಗೆ ಬದಲು. ಬೀಗ ಒಂದೇ ಥರ, ಒಳಗಿನ ಸಾಮಾನು ಬೇರೆ ಬೇರೆ ಎಂದಿಟ್ಟುಕೊಳ್ಳಿ. ಓದಿದ ಅಕ್ಷರಗಳನ್ನು ಸಂಗ್ರಹದಲ್ಲಿರುವ ದಾಖಲೆಗಳ ಜೊತೆ ತಾಳೆ ಹಾಕಿದರೆ ಹಕ್ಕಿಯ ಹೆಸರು ಹೊರಬೀಳುತ್ತದೆ.

ಬೇಯಿಸಿದ ಮಾಂಸದಲ್ಲೂ ಇದು ಹೇಗೆ ಸಾಧ್ಯ? ಈ ಜೀನ್ ಇರುವುದು ಮೈಟೊಕಾಂಡ್ರಿಯಾದಲ್ಲಿ. ಒಂದು ಜೀವಕೋಶದಲ್ಲಿ ಇದರ ನೂರಾರು, ಕೆಲವೊಮ್ಮೆ ಸಾವಿರಾರು ಪ್ರತಿಗಳಿರುತ್ತವೆ. ಬೆಂಕಿ, ಮಸಾಲೆ, ಹುಳಿ ಬಿದ್ದು ಬಹಳಷ್ಟು ಹಾಳಾದರೂ ಪರೀಕ್ಷೆಗೆ ಬೇಕಾದ ಚಿಕ್ಕ ತುಣುಕು ಎಲ್ಲೋ ಉಳಿದಿರುತ್ತದೆ. ಪುಕ್ಕ, ಮೂಳೆ, ರಕ್ತದ ಕಲೆ ಇದ್ದರಂತೂ ಕೆಲಸ ಮತ್ತೂ ಸುಲಭ.

ತೆಲಂಗಾಣದ ಸಿರಿಸಿಲ್ಲ ಜಿಲ್ಲೆಯಲ್ಲಿ 2024ರ ಆಗಸ್ಟ್‌ನಲ್ಲಿ ಯೂಟ್ಯೂಬರ್ ಒಬ್ಬರು ‘ಸಾಂಪ್ರದಾಯಿಕ ನವಿಲು ಸಾರು’ ಎಂದು ವಿಡಿಯೋ ಹಾಕಿ ಬಂಧನಕ್ಕೊಳಗಾಗಿದ್ದರು. ಉಳಿದ ಸಾರಿನ ಮಾದರಿಯನ್ನೂ ಅಧಿಕಾರಿಗಳು ಪರೀಕ್ಷೆಗೆ ತೆಗೆದುಕೊಂಡರು ಎಂದು ಆಗಿನ ವರದಿಗಳು ಹೇಳಿದ್ದವು. ವ್ಯೂಸ್‌ಗಾಗಿ ಹಾಕಿದ ವಿಡಿಯೋ ತಾನೇ ಮೊದಲ ಸಾಕ್ಷಿಯಾಯಿತು. ಬೆಳವ ಹೊಡೆದು ಸ್ಟೇಟಸ್ ಹಾಕುವವರಿಗೆ ಬೇರೆ ಎಚ್ಚರಿಕೆ ಬೇಕಾ?

ಅಮೆರಿಕದಲ್ಲಿ ಹೊಡೀತಾರಲ್ಲ?

ಹೌದು, ಹೊಡೆಯುತ್ತಾರೆ. ಮೊಬೈಲ್‌ನಲ್ಲಿ ಬೆಳವನ ಬೇಟೆ ಎಂದು ಹುಡುಕಿದರೆ ಸೂರ್ಯಕಾಂತಿ ಹೊಲ, ಕೊಯ್ದ ಜೋಳದ ಹೊಲ, ನೀರಿನ ಹೊಂಡ ಎಂದೆಲ್ಲ ಸಲಹೆಗಳು ಬರುವುದು ಹೆಚ್ಚಾಗಿ ಅಲ್ಲಿಂದಲೇ. ಮೌರ್ನಿಂಗ್ ಡವ್ ಎಂಬ ಅಲ್ಲಿನ ಬೆಳವನ ಬೇಟೆಗೆ ಹಲವು ರಾಜ್ಯಗಳಲ್ಲಿ ಸೆಪ್ಟೆಂಬರ್ 1ರಿಂದ ಸೀಸನ್. ಆದರೆ ಅದು ಹೇಳಿಕೇಳುವವರಿಲ್ಲದ ಬೇಟೆಯಲ್ಲ. ಲೈಸೆನ್ಸ್ ಬೇಕು, ದಿನಕ್ಕೆ ಇಷ್ಟೇ ಹಕ್ಕಿ ಎಂಬ ಮಿತಿ ಇದೆ, ಕಾಳು ಚೆಲ್ಲಿ ಕರೆಸಿ ಹೊಡೆದರೆ ಫೆಡರಲ್ ಕಾನೂನಿನಡಿ ಅಪರಾಧ.

ಒಂದು ವಿಚಿತ್ರ ನೋಡಿ. ನಾಚಾರಂನ ತಂತಿಗಳ ಮೇಲೆ ಕೂರುವ, ಕತ್ತಿನ ಹಿಂದೆ ಕರಿ ಪಟ್ಟಿಯಿರುವ ಬೂದು ಬೆಳವ ಭಾರತದಲ್ಲಿ ರಕ್ಷಿತ ಹಕ್ಕಿ. ಇದೇ ಹಕ್ಕಿ 1970ರ ದಶಕದಲ್ಲಿ ಬಹಾಮಾಸ್ ದ್ವೀಪದಲ್ಲಿ ಪಂಜರದಿಂದ ಹೊರಬಿದ್ದು, ಫ್ಲಾರಿಡಾ ಸೇರಿ, ಅಮೆರಿಕದ ಉದ್ದಗಲಕ್ಕೂ ಹಬ್ಬಿತು. ಅಲ್ಲಿ ಅದು ಹೊರಗಿನಿಂದ ಬಂದ ಹಕ್ಕಿ. ಟೆಕ್ಸಾಸ್‌ನಂಥ ರಾಜ್ಯದಲ್ಲಿ ಅದರ ಬೇಟೆಗೆ ದಿನದ ಮಿತಿಯೂ ಇಲ್ಲ. ಹಾಗಾಗಿ ಅಲ್ಲಿನ ವಿಡಿಯೋ ನೋಡಿ ‘ಇದು ನಮ್ಮೂರ ಹಕ್ಕಿಯೇ ಅಲ್ವಾ, ಇಲ್ಲೂ ನಡೆಯುತ್ತೆ’ ಎಂದುಕೊಂಡರೆ ಕೆಟ್ಟಿರಿ.

‘ಇಷ್ಟೊಂದು ಇವೆಯಲ್ಲ, ನಾಲ್ಕು ಹೊಡೆದರೆ ಏನು ಕಡಿಮೆಯಾಗುತ್ತೆ’ ಎಂಬ ವಾದವೂ ಅಮೆರಿಕದಲ್ಲಿ ಒಮ್ಮೆ ಇತ್ತು. ಪ್ಯಾಸೆಂಜರ್ ಪಿಜನ್ ಎಂಬ ಪಾರಿವಾಳ ಅಲ್ಲಿ ನೂರಾರು ಕೋಟಿ ಸಂಖ್ಯೆಯಲ್ಲಿತ್ತು. ಹಿಂಡು ಹಾರಿದರೆ ಆಕಾಶ ಕಪ್ಪಾಗುತ್ತಿತ್ತು ಎಂದು ಕಂಡವರು ಬರೆದಿಟ್ಟಿದ್ದಾರೆ. ರೈಲು, ಟೆಲಿಗ್ರಾಫ್ ಬಂದ ಮೇಲೆ ಹಿಂಡು ಎಲ್ಲಿಳಿಯಿತು ಎಂಬ ಸುದ್ದಿ ಬೇಟೆಗಾರರಿಗೆ ಬೇಗ ತಲುಪತೊಡಗಿತು. ಗೂಡುಕಟ್ಟುವ ಕಾಡೂ ಕರಗಿತು. ಕಟ್ಟಕಡೆಯ ಹಕ್ಕಿ, ಮಾರ್ಥಾ ಎಂಬ ಹೆಣ್ಣು, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು.

ಹೈದರಾಬಾದ್ ಮತ್ತು ಬೇಟೆ: ಹಳೇ ನಂಟು

ನಿಜಾಮರ ಕಾಲದಲ್ಲಿ ಹೈದರಾಬಾದ್ ಎಂದರೆ ಶಿಕಾರಿಯ ಊರು. ಇಂದು ವನಸ್ಥಲಿಪುರದಲ್ಲಿ ಜಿಂಕೆ ನೋಡಲು ಮಕ್ಕಳನ್ನು ಕರೆದೊಯ್ಯುವ ಮಹಾವೀರ ಹರಿಣ ವನಸ್ಥಲಿ ನಿಜಾಮರ ಬೇಟೆಯ ಮೈದಾನವಾಗಿತ್ತು. ಮೆದಕ್ ಕಡೆಯ ಪೋಚಾರಂ ಅಭಯಾರಣ್ಯವೂ ಹಾಗೆಯೇ. ಬೀದರ್, ಕಲಬುರಗಿ, ರಾಯಚೂರು ಕೂಡ 1956ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು ಎಂಬುದನ್ನು ಮರೆಯುವಂತಿಲ್ಲ.

ಹಕ್ಕಿಗಳ ಬಗ್ಗೆ ಇಲ್ಲಿ ಮೊದಲು ಕ್ರಮವಾಗಿ ಲೆಕ್ಕ ಬರೆದವರು ಸಲೀಂ ಅಲಿ. 1931-32ರಲ್ಲಿ ನಡೆದ ಹೈದರಾಬಾದ್ ರಾಜ್ಯದ ಪಕ್ಷಿ ಸಮೀಕ್ಷೆ ಅವರ ಆರಂಭದ ದೊಡ್ಡ ಕೆಲಸಗಳಲ್ಲೊಂದು. ಆ ಕಾಲದಲ್ಲಿ ಪಕ್ಷಿ ವಿಜ್ಞಾನಿ ಎಂದರೆ ಕೈಯಲ್ಲಿ ಬಂದೂಕು ಇದ್ದೇ ಇರುತ್ತಿತ್ತು. ಹೊಡೆದು, ಚರ್ಮ ಸುಲಿದು, ಒಣಗಿಸಿ, ಚೀಟಿ ಅಂಟಿಸಿಯೇ ಜಾತಿ ಗುರುತಿಸುವುದು. ಸಲೀಂ ಅಲಿ ಈ ದಾರಿಗೆ ಬಂದಿದ್ದೂ ಹುಡುಗನಾಗಿದ್ದಾಗ ಏರ್‌ಗನ್‌ನಲ್ಲಿ ಹೊಡೆದ ಒಂದು ಗುಬ್ಬಚ್ಚಿಯಿಂದ. ಅದರ ಕತ್ತಿನ ಮೇಲಿದ್ದ ಹಳದಿ ಮಚ್ಚೆ ಏನೆಂದು ಕೇಳಿಕೊಂಡು ಮುಂಬೈನ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದ ಹುಡುಗ ವಾಪಸ್ ಬರಲೇ ಇಲ್ಲ ಎನ್ನಬಹುದು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರೂ ಹಾಗೆ. ಕೋವಿ ಹಿಡಿದು ಮಲೆನಾಡು ಸುತ್ತಿದವರು, ಮುಂದೆ ಕ್ಯಾಮೆರಾ ಹಿಡಿದು ‘ಹಕ್ಕಿಪುಕ್ಕ’ ಬರೆದರು.

ತೆಲಂಗಾಣದ ಹಳ್ಳಿಗಳಲ್ಲಿ ‘ಪಿಟ್ಟಲ ದೊರ’ ಎಂಬ ವೇಷ ಇದೆ. ತುಪಾಕಿ ರಾಮುಡು ಎಂದೂ ಕರೆಯುತ್ತಾರೆ. ಖಾಕಿ ಬಟ್ಟೆ, ತಲೆಗೆ ಟೋಪಿ, ಕೈಯಲ್ಲಿ ಕಟ್ಟಿಗೆಯ ಬಂದೂಕು. ತಾನು ಹೊಡೆದ ಬೇಟೆಗಳ ಬಗ್ಗೆ, ತನ್ನ ಕೋಟೆ ಕೊತ್ತಲಗಳ ಬಗ್ಗೆ ಬಾಯಿಗೆ ಬಂದಂತೆ ಬುರುಡೆ ಬಿಟ್ಟು ಜನರನ್ನು ನಗಿಸುವುದು ಅವನ ಕಸುಬು. ಪಿಟ್ಟ ಎಂದರೆ ತೆಲುಗಿನಲ್ಲಿ ಹಕ್ಕಿ. ಈ ನಗುವಿನ ಹಿಂದೆ ಹಕ್ಕಿ ಹಿಡಿದೇ ಬದುಕಿದ ಸಮುದಾಯಗಳ ನೆನಪಿದೆ.

ಬಲೆ ಬಿಟ್ಟವರ ಕಥೆ

ಕಾನೂನಿನ ಬಿಸಿ ಎಲ್ಲರಿಗೂ ಒಂದೇ ಸಮ ತಟ್ಟಲಿಲ್ಲ. ನವಾಬರು, ದೊಡ್ಡ ಅಧಿಕಾರಿಗಳು ಬಂದೂಕನ್ನು ಗೋಡೆಗೆ ನೇತುಹಾಕಿ ಸುಮ್ಮನಾದರು. ಪಾರ್ಧಿಗಳು, ನಿರ್‌ಶಿಕಾರಿಗಳು, ನಮ್ಮ ಕಡೆಯ ಹಕ್ಕಿಪಿಕ್ಕಿಗಳಿಗೆ ಹಾಗೆ ಸುಮ್ಮನಿರಲು ಆಗಲಿಲ್ಲ, ಯಾಕೆಂದರೆ ಬಲೆಯೇ ಅವರ ಊಟವಾಗಿತ್ತು. ಬ್ರಿಟಿಷರ ಕಾಲದಲ್ಲಿ ಪಾರ್ಧಿಗಳಿಗೆ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಬೇರೆ ಅಂಟಿತ್ತು. 1952ರಲ್ಲಿ ಅದು ಕಾಗದದ ಮೇಲೆ ಹೋಯಿತು, ಪೊಲೀಸರ ಅನುಮಾನ ಅಷ್ಟು ಬೇಗ ಹೋಗಲಿಲ್ಲ.

ಹಕ್ಕಿಪಿಕ್ಕಿಗಳ ಹೆಸರಿನಲ್ಲೇ ಹಕ್ಕಿ ಇದೆ. ಗುಜರಾತಿಗೆ ಹತ್ತಿರದ ವಾಗ್ರಿ ಮಾತನಾಡುವ ಈ ಜನ ಹಕ್ಕಿ ಹಿಡಿಯುವುದರಲ್ಲಿ, ದನಿ ಅನುಕರಿಸಿ ಕರೆಯುವುದರಲ್ಲಿ ನಿಪುಣರು. ಬೇಟೆ ನಿಂತ ಮೇಲೆ ಹುಣಸೂರು ಬಳಿಯ ಪಕ್ಷಿರಾಜಪುರ, ಬೇಲೂರು ತಾಲೂಕಿನ ಅಂಗಡಿಹಳ್ಳಿಯಂಥ ಕಾಲೊನಿಗಳಲ್ಲಿ ನೆಲೆ ನಿಂತರು. ಪ್ಲಾಸ್ಟಿಕ್ ಹೂವು ಮಾರಿದರು, ಗಿಡಮೂಲಿಕೆ ಎಣ್ಣೆ ಮಾಡಿದರು. ಆ ಎಣ್ಣೆ ಹಿಡಿದು ಆಫ್ರಿಕಾ ದೇಶಗಳವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡ ಕನ್ನಡಿಗರು ಯಾರು ಎಂದು ದೇಶವೇ ಹುಡುಕಿದರೆ, ಅವರು ಹಕ್ಕಿಪಿಕ್ಕಿಗಳು. ‘ಆಪರೇಷನ್ ಕಾವೇರಿ’ಯಲ್ಲಿ ಅವರನ್ನು ಕರೆತರಲಾಯಿತು. ಬಲೆ ಬಿಡಿಸಿದ ಸರ್ಕಾರಗಳು ಬದಲಿ ಕಸುಬು ಕೊಡುವುದರಲ್ಲಿ ಅಷ್ಟೇ ಚುರುಕಾಗಿದ್ದರೆ ಅವರು ಖಾರ್ಟೂಮ್‌ವರೆಗೆ ಹೋಗಬೇಕಿರಲಿಲ್ಲವೇನೋ.

ಹೊಟ್ಟೆಪಾಡಿಗೆ ಬಲೆ ಹಾಕುವವನ ಕಥೆ ಅದು. ಮಾಸಿಕ ಸಂಬಳ ಎಣಿಸಿಕೊಂಡು ಮೋಜಿಗೆ ಏರ್‌ಗನ್ ಕೊಳ್ಳುವವನಿಗೆ ಆ ನೆಪವೂ ಇಲ್ಲ. ಪಾರಿವಾಳ, ಬೆಳವನ ಮಾಂಸ ಅಥವಾ ರಕ್ತ ಲಕ್ವಕ್ಕೆ ಮದ್ದು ಎಂಬ ನಂಬಿಕೆ ಕೆಲವೆಡೆ ಇನ್ನೂ ಇದೆ. ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಲಕ್ವ ಹೊಡೆದ ಮೊದಲ ಕೆಲವು ಗಂಟೆಗಳು ಬಹಳ ಮುಖ್ಯ. ಹಕ್ಕಿ ಹುಡುಕುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು.

ಹೈದರಾಬಾದ್‌ನಲ್ಲಿ ಹಕ್ಕಿ ಹಿಡಿಯುವ ಸೀಸನ್ ಇನ್ನೊಂದಿದೆ, ದಸರಾ. ವಿಜಯದಶಮಿಯಂದು ಪಾಲಪಿಟ್ಟ ನೋಡಿದರೆ ಶುಭ ಎಂಬ ನಂಬಿಕೆ ತೆಲಂಗಾಣದಲ್ಲಿ ಗಟ್ಟಿ. ಪಾಲಪಿಟ್ಟ ಎಂದರೆ ನಮ್ಮ ನೀಲಕಂಠ. ತೆಲಂಗಾಣಕ್ಕೂ ಕರ್ನಾಟಕಕ್ಕೂ ಅದೇ ರಾಜ್ಯಪಕ್ಷಿ. ಊರಾಚೆ ಹೋಗಿ ಹುಡುಕುವ ತಾಳ್ಮೆ ಇಲ್ಲದವರಿಗೆ ಪಂಜರದಲ್ಲಿ ತಂದು ತೋರಿಸಿ ದುಡ್ಡು ಕೇಳುವವರು ಹುಟ್ಟಿಕೊಂಡರು. ಹಾರದಂತೆ ಕಾಲು ಕಟ್ಟುತ್ತಾರೆ, ರೆಕ್ಕೆಗೆ ಅಂಟು ಹಚ್ಚುತ್ತಾರೆ. ಅರಣ್ಯ ಇಲಾಖೆ ದಾಳಿ ಮಾಡಿ ಬಿಡಿಸಿದರೂ ಹಲವು ಹಕ್ಕಿಗಳು ಮತ್ತೆ ಹಾರುವ ಸ್ಥಿತಿಯಲ್ಲಿರುವುದಿಲ್ಲ. 2023ರ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿ ಸಂಖ್ಯೆ ಕುಸಿಯುತ್ತಿರುವ ಹಕ್ಕಿಗಳ ಸಾಲಿನಲ್ಲಿ ನೀಲಕಂಠವನ್ನೂ ಹೆಸರಿಸಿದೆ. ‘ಇಷ್ಟೊಂದು ಇವೆಯಲ್ಲ’ ಎಂದು ಅದರ ಬಗ್ಗೆಯೂ ಹೇಳುತ್ತಿದ್ದರು.

ಹಾಗಾದ್ರೆ ಬೆಳವ ಎಲ್ಲಿ ಸಿಗುತ್ತೆ?

ನೋಡುವುದಕ್ಕಾದರೆ ನಾಚಾರಂ ಸುತ್ತ ಬೇಕಾದಷ್ಟು ಜಾಗ ಇದೆ. ಬೇಟೆಗಾರ ಹುಡುಕುವ ಗುರುತುಗಳೇ ನೋಡುಗನಿಗೂ ಸಾಕು. ಬೆಳವ ಕಾಳು ತಿನ್ನುವ ಹಕ್ಕಿ. ನೆಲದ ಮೇಲೆ ನಡೆದು ಹೆಕ್ಕುತ್ತದೆ. ಹಾಗಾಗಿ ದಟ್ಟ ಹುಲ್ಲಿಗಿಂತ ಬೋಳು ನೆಲ, ಖಾಲಿ ಸೈಟು, ರೈಲು ಹಳಿಯ ಬದಿ, ಧಾನ್ಯ ಇಳಿಸುವ ಗೋದಾಮಿನ ಅಂಗಳ ಅದಕ್ಕೆ ಇಷ್ಟ. ಒಣ ಕಾಳು ತಿನ್ನುವುದರಿಂದ ನೀರು ಬೇಕೇ ಬೇಕು. ಬೆಳಿಗ್ಗೆ ಮೇವು ಮುಗಿಸಿ, ಮತ್ತೆ ಸಂಜೆ ಕತ್ತಲಾಗುವ ಮುನ್ನ, ಇಳಿಜಾರು ದಡ ಇರುವ ನೀರಿಗೆ ಬರುತ್ತದೆ. ನಾಚಾರಂ ಕೆರೆ, ಉಪ್ಪಲ್‌ನ ನಲ್ಲಚೆರುವು ಇದಕ್ಕೆ ಸರಿ. ಕಾಳನ್ನು ಅರೆಯಲು ಸಣ್ಣ ಕಲ್ಲನ್ನೂ ನುಂಗುವುದರಿಂದ ಮಣ್ಣಿನ ರಸ್ತೆಯಲ್ಲೂ ಕಾಣುತ್ತದೆ. ಮರಗಳು ಬೇಕೆಂದರೆ ತಾರ್ನಾಕಾ ಕಡೆಯ ಉಸ್ಮಾನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ ಇದ್ದೇ ಇದೆ.

ನೀರು ಕುಡಿಯುವುದನ್ನು ಒಮ್ಮೆ ಗಮನಿಸಿ. ಕೋಳಿ ಒಂದು ಗುಟುಕು ತೆಗೆದುಕೊಂಡು ತಲೆ ಎತ್ತಿ ನುಂಗುತ್ತದೆ. ಬೆಳವ ಹಾಗಲ್ಲ. ಕೊಕ್ಕು ಅದ್ದಿ, ದನ ಕುಡಿದ ಹಾಗೆ ತಲೆ ಎತ್ತದೇ ಹೀರ

ುತ್ತದೆ. ನೆಲದಲ್ಲಿ ಹೆಚ್ಚು ಹೊತ್ತು ನಿಲ್ಲದೆ ಬೇಗ ಕುಡಿದು ಹಾರಲು ಇದರಿಂದ ಅನುಕೂಲ.

ಹೆಚ್ಚಾಗಿ ಕಾಣುವುದು ಮೂರು ಬಗೆ. ಕತ್ತಿನ ಹಿಂದೆ ಚದುರಂಗದ ಮಣೆಯಂತೆ ಕಪ್ಪು ಬಿಳುಪು ಚುಕ್ಕೆ ಇದ್ದರೆ ಚುಕ್ಕೆ ಬೆಳವ. ಮಲೆನಾಡಿನವರು ಚೋರೆ ಎನ್ನುತ್ತಾರೆ. ವೈಜ್ಞಾನಿಕ ಹೆಸರಿನಲ್ಲಿ ಸುರಾಟೆನ್ಸಿಸ್ ಎಂದಿದೆ, ಸೂರತ್ ನಗರದ ಹೆಸರು. ಅದಕ್ಕಿಂತ ಚಿಕ್ಕದಾಗಿ, ಎದೆಯ ಮೇಲೆ ಕರಿ ಚುಕ್ಕೆಯ ಪಟ್ಟಿ ಇದ್ದು, ನಕ್ಕಂತೆ ಗುಟುರು ಹಾಕಿದರೆ ಅದು ಲಾಫಿಂಗ್ ಡವ್. ಮೂರನೆಯದು ಮೇಲೆ ಹೇಳಿದ, ಕರಿ ಪಟ್ಟಿಯ ಬೂದು ಬೆಳವ. ಅದೃಷ್ಟವಿದ್ದರೆ ಇಟ್ಟಿಗೆ ಬಣ್ಣದ ಕೆಂಪು ಬೆಳವವೂ ಸಿಕ್ಕೀತು. ತೆಲುಗಿನವರನ್ನು ಕೇಳುವುದಾದರೆ ‘ಗುವ್ವ’ ಎನ್ನಿ, ಪಾವುರಂ ಎಂದರೆ ಪಾರಿವಾಳ ತೋರಿಸುತ್ತಾರೆ.

ಡೆಕ್ಕನ್ ಬರ್ಡರ್ಸ್, ಹೈದರಾಬಾದ್ ಬರ್ಡಿಂಗ್ ಪಾಲ್ಸ್‌ನಂಥ ಗುಂಪುಗಳು ಆಗಾಗ ಪಕ್ಷಿ ವೀಕ್ಷಣೆಗೆ ಹೋಗುತ್ತವೆ. ಕಂಡ ಹಕ್ಕಿಯ ಲೆಕ್ಕವನ್ನು ಇ-ಬರ್ಡ್ ಆ್ಯಪ್‌ನಲ್ಲಿ ಹಾಕಬಹುದು. ನೀಲಕಂಠದ ಕುಸಿತ ಗೊತ್ತಾಗಿದ್ದು ಇಂಥ ಸಾವಿರಾರು ಜನರ ಲೆಕ್ಕದಿಂದಲೇ.

ಬಾಲ್ಕನಿಯಲ್ಲೇ ಗೂಡು ಕಟ್ಟಿದರೆ?

ಎಸಿ ಮೇಲೆ, ಹೂಕುಂಡದಲ್ಲಿ, ಬಟ್ಟೆ ಒಣಹಾಕುವ ಸ್ಟ್ಯಾಂಡ್‌ನಲ್ಲಿ ನಾಲ್ಕು ಕಡ್ಡಿ ಇಟ್ಟು ಬೆಳವ ಮೊಟ್ಟೆ ಹಾಕುವುದು ಅಪಾರ್ಟ್‌ಮೆಂಟ್‌ಗಳಲ್ಲಿ ಮಾಮೂಲು. ಇಷ್ಟು ಅಂದಗೆಟ್ಟ ಗೂಡು ಕಟ್ಟುವ ಹಕ್ಕಿ ಇನ್ನೊಂದಿಲ್ಲ! ಸಾಮಾನ್ಯವಾಗಿ ಎರಡು ಮೊಟ್ಟೆ. ಸುಮಾರು ಎರಡು ವಾರ ಕಾವು, ಮತ್ತೆರಡು ವಾರದಲ್ಲಿ ಮರಿ ಹಾರುತ್ತದೆ. ಮೊದಲ ಕೆಲವು ದಿನ ಗಂಡು ಹೆಣ್ಣು ಎರಡೂ ತಮ್ಮ ಗಂಟಲ ಚೀಲದಲ್ಲಿ ಒಸರುವ ಹಾಲಿನಂಥ ದ್ರವವನ್ನೇ ಮರಿಗೆ ಉಣಿಸುತ್ತವೆ. ಗೂಡು ಎತ್ತಿ ಎಸೆದರೆ ಅದೂ ಕಾಯ್ದೆಯ ಪ್ರಕಾರ ಬೇಟೆ ಎಂಬುದನ್ನು ಆಗಲೇ ನೋಡಿದ್ದೇವೆ. ಗೂಡು ಬೇಡ ಎಂದಿದ್ದರೆ ಕಡ್ಡಿ ತರುವ ಮೊದಲೇ ಜಾಗಕ್ಕೆ ನೆಟ್ ಹಾಕಿ. ಮೊಟ್ಟೆ ಬಿದ್ದಿದ್ದರೆ ಒಂದು ತಿಂಗಳು ಬಟ್ಟೆ ಬೇರೆಡೆ ಒಣಹಾಕಿ.

ಯಾರಾದರೂ ಏರ್‌ಗನ್, ಬಲೆ ಹಿಡಿದು ಹಕ್ಕಿಯ ಹಿಂದೆ ಬಿದ್ದಿದ್ದು ಕಂಡರೆ ಕರ್ನಾಟಕದಲ್ಲಿ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಹೈದರಾಬಾದ್‌ನಲ್ಲಿದ್ದರೆ 112ಕ್ಕೆ ಹೇಳಿದರೂ ಸಾಕು. ದೂರದಿಂದ ಒಂದು ಫೋಟೋ, ಬೈಕ್ ನಂಬರ್ ಇದ್ದರೆ ಅಧಿಕಾರಿಗಳಿಗೆ ಅನುಕೂಲ. ಗನ್ ಹಿಡಿದವರ ಜೊತೆ ವಾದಕ್ಕೆ ಮಾತ್ರ ಇಳಿಯಬೇಡಿ.